ಕಾರಿನ ಡಿಜಿಟಲ್ ರೇಡಿಯೋ: ಲಾಭವೆಷ್ಟು, ತೊಡಕೆಷ್ಟು?



ಕಳೆದ ಮಳೆಗಾಲದ ಆರಂಭದಲ್ಲಿ ಸದಸ್ಯರೊಬ್ಬರ ಹೊಸ ಕಾರಿನಲ್ಲಿ ಹಳಿಯಾಳದಿಂದ ಜೋಯಿಡಾಕ್ಕೆ ಹೊರಟಿದ್ದೆ. ಡಿಜಿಟಲ್ ರೇಡಿಯೋದಲ್ಲಿ ಕೃಷಿ ಕಾರ್ಯಕ್ರಮ ಬರುತ್ತಿತ್ತು. ಮಾತನಾಡುವವರು ಹಿಂದಿನ ಸೀಟಿನಲ್ಲೇ ಕುಳಿತಿದ್ದಾರೋ ಎಂಬಷ್ಟು ಸ್ವಚ್ಛ ಧ್ವನಿ. ಗಣೇಶಗುಡಿ ದಾಟಿ, ಹವಾಮಾನ ಮುನ್ಸೂಚನೆ ಆರಂಭವಾಗುವ ಹೊತ್ತಿಗೆ ಸರಿಯಾಗಿ ಧ್ವನಿ ಥಟ್ಟನೆ ನಿಂತುಹೋಯಿತು. ಗರಗರ ಸದ್ದೂ ಇಲ್ಲ, ಪೂರ್ಣ ಮೌನ.

ಮರುದಿನ ಅವರ ತೋಟಕ್ಕೆ ಬೋರ್ಡೋ ಹೊಡೆಯಲು ಕೊನೆಗೌಡರು ಬರುವವರಿದ್ದರು. ಹೊಡೆದ ಮದ್ದು ಒಣಗುವ ಮೊದಲೇ ಮಳೆ ಬಂದರೆ ಮೈಲುತುತ್ತ, ಸುಣ್ಣ, ಕೂಲಿ ಎಲ್ಲವೂ ನೀರುಪಾಲು. ಮನೆ ತಲುಪಿ ಹಳೆಯ ಟ್ರಾನ್ಸಿಸ್ಟರ್ ಹಚ್ಚಿದೆವು. ಗರಗರದ ನಡುವೆ 'ಭಾರೀ ಮಳೆ' ಎಂಬೆರಡು ಪದ ಕೇಳಿಸಿದವು. ಅಷ್ಟೇ ಸಾಕಾಯಿತು. ಕೆಲಸ ಮುಂದೂಡಿದೆವು.

ಇದರಲ್ಲಿ ಯಾರ ತಪ್ಪೂ ಇಲ್ಲ. ಈ ವಿದ್ಯೆಯ ಗುಣವೇ ಹಾಗೆ. ಹಳೆಯ ಪದ್ಧತಿಯಲ್ಲಿ ತರಂಗ ಕ್ಷೀಣಿಸಿದಂತೆ ಸದ್ದು ಹೆಚ್ಚುತ್ತದೆ, ಆದರೂ ಕಿವಿಗೊಟ್ಟರೆ ಮಾತು ತಿಳಿಯುತ್ತದೆ. ಡಿಜಿಟಲ್‌ನಲ್ಲಿ ಧ್ವನಿ ಅಂಕಿಗಳ ರೂಪದಲ್ಲಿ ಬರುತ್ತದೆ. ಸಾಕಷ್ಟು ಅಂಕಿ ಸಿಕ್ಕರೆ ಸ್ಪಷ್ಟ ಧ್ವನಿ, ಸಿಗದಿದ್ದರೆ ಏನೂ ಇಲ್ಲ. ಹೆಚ್ಚು ಒತ್ತಡದ ವಿದ್ಯುತ್ ತಂತಿಗಳ ಸಮೀಪವೂ ಇದೇ ತೊಂದರೆ ಕಾಣುವುದುಂಟು. ಸೂಪಾ, ಅಂಬಿಕಾನಗರಗಳ ಸುತ್ತ ಇಂಥ ತಂತಿಗಳಿಗೆ ಕೊರತೆಯಿಲ್ಲ.

ಹಾಗೆಂದು ಲಾಭವನ್ನು ಅಲ್ಲಗಳೆಯಲಾಗದು. ನಮ್ಮ ದೇಶದ ಆಕಾಶವಾಣಿ ಆರಿಸಿಕೊಂಡಿರುವುದು ಡಿ.ಆರ್.ಎಂ. ಪದ್ಧತಿ. ಇದು ಮಧ್ಯಮ ತರಂಗದಲ್ಲೂ ಕೆಲಸ ಮಾಡುತ್ತದೆ. ನೇರ ದಾರಿ ಬೇಡುವ ಎಫ್.ಎಂ. ಗುಡ್ಡ ಅಡ್ಡಬಂದರೆ ಸೋಲುತ್ತದೆ; ಮಧ್ಯಮ ತರಂಗವಾದರೋ ನೆಲಕ್ಕೆ ಅಂಟಿಕೊಂಡು ಬಹುದೂರ ಸಾಗುತ್ತದೆ. ಒಂದೇ ತರಂಗಾಂತರದಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮ ಕಳುಹಿಸಬಹುದು. ಪರದೆಯ ಮೇಲೆ ಅಕ್ಷರದಲ್ಲಿ ಮಾಹಿತಿ ತೋರಿಸಬಹುದು. ವಿಪತ್ತಿನ ಎಚ್ಚರಿಕೆಯನ್ನೂ ಕೊಡಬಹುದು. ಪ್ರವಾಹ, ಗುಡ್ಡ ಕುಸಿತಗಳ ನಮ್ಮ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ಆದರೆ ಈ ಸೌಲಭ್ಯ ತಲುಪಿರುವುದು ಯಾರಿಗೆ? ಮಾರುತಿ ಸುಜುಕಿ, ಹ್ಯುಂಡೈ ಮೊದಲಾದ ಕಂಪನಿಗಳ ಕೆಲವು ಮಾದರಿಗಳಲ್ಲಿ ಮಾತ್ರ ಈ ರೇಡಿಯೋ ಇದೆ. ಹಳೆಯ ಜೀಪು, ಪಿಕಪ್‌ಗಳಲ್ಲಿ ಓಡಾಡುವ ಹೆಚ್ಚಿನ ಸದಸ್ಯರಿಗೆ ಇದು ಕೇಳಿಸುವುದೇ ಇಲ್ಲ. ನಾರ್ವೆ ದೇಶ 2017ರಲ್ಲಿ ರಾಷ್ಟ್ರೀಯ ಕೇಂದ್ರಗಳ ಎಫ್.ಎಂ. ಪ್ರಸಾರ ನಿಲ್ಲಿಸಿ, ಡಿ.ಎ.ಬಿ. ಎಂಬ ಬೇರೊಂದು ಡಿಜಿಟಲ್ ಪದ್ಧತಿಗೆ ಹೋಯಿತು. ಆಗ ಹಳೆಯ ಕಾರಿನವರು ಪ್ರತ್ಯೇಕ ಉಪಕರಣ ಕೊಳ್ಳಬೇಕಾಯಿತು. ಶ್ರೀಮಂತ ದೇಶದಲ್ಲೇ ಹೀಗಾದರೆ ನಮ್ಮ ಪಾಡೇನು?

ಆದ್ದರಿಂದ ಹೊಸ ಕಾರು ಕೊಳ್ಳುವವರು ಡಿ.ಆರ್.ಎಂ. ಇದೆಯೇ ಎಂದು ಕೇಳಿ, ಅಂಗಡಿಯಲ್ಲೇ ಹಚ್ಚಿಸಿ ನೋಡಿರಿ. ಕೇಂದ್ರ ಹಿಡಿಯಲು ಕೆಲವು ಕ್ಷಣ ಬೇಕು. ಅವಸರದಿಂದ ಗುಂಡಿ ಒತ್ತದಿರಿ. ಮನೆಯ ಟ್ರಾನ್ಸಿಸ್ಟರ್ ಎಸೆಯದಿರಿ. ಅಗ್ಗದ ಡಿಜಿಟಲ್ ಸೆಟ್ಟು ಪ್ರತಿ ತೋಟದ ಮನೆಗೆ ಬರುವವರೆಗೆ ಹಳೆಯ ಪ್ರಸಾರ ನಿಲ್ಲಕೂಡದು. ಈ ಬೇಡಿಕೆಯನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಮಂಡಿಸಲಿದ್ದೇನೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ಸದಸ್ಯರು ತಮ್ಮೂರಿನಲ್ಲಿ ಯಾವುದು ಕೇಳಿಸುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬರೆದು ಕಚೇರಿಗೆ ತಲುಪಿಸಬೇಕಾಗಿ ವಿನಂತಿ.