ತೇವಮಾಪಕ ಅಳೆಯುವುದು ನೀರನ್ನಲ್ಲ

ಬಾತ್‌ರೂಮಿನ ಪೈಪು ಒಡೆದೋ, ತಾರಸಿ ಸೋರಿಯೋ ಗೋಡೆ ನೀರು ಕುಡಿದಾಗ ಮೊದಲು ಉಬ್ಬಿ ನಿಲ್ಲುವುದು ವಾಲ್‌ಪೇಪರ್. ಅದನ್ನು ಕಿತ್ತು, ಪುಟ್ಟಿ ಎಳೆಸಿ, ಬಣ್ಣ ಹೊಡೆಸಿಬಿಡುವ ಆತುರ ಎಲ್ಲರಿಗೂ ಇರುತ್ತದೆ. ಈಗ ಆ ಆತುರಕ್ಕೆ ಒಪ್ಪಿಗೆ ಕೊಡಲು ಒಂದು ಯಂತ್ರವೂ ಬಂದಿದೆ: ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ತುದಿಯಲ್ಲಿ ಎರಡು ಸೂಜಿಗಳಿರುವ ತೇವಮಾಪಕ. ಗೋಡೆಗೆ ಚುಚ್ಚಿದರೆ ಪರದೆಯ ಮೇಲೆ ಶೇ. 12 ಎಂದೋ ಶೇ. 20 ಎಂದೋ ಮೂಡುತ್ತದೆ. ಆ ಅಂಕಿಯನ್ನು ಗೋಡೆಯೊಳಗಿನ ನೀರಿನ ಲೆಕ್ಕವೆಂದು ನಂಬಿದವರು ಬಣ್ಣಕ್ಕೆ ಎರಡು ಸಲ ದುಡ್ಡು ಸುರಿಯಬೇಕಾಗುತ್ತದೆ.

ಈ ಯಂತ್ರ ನೀರನ್ನು ನೋಡುವುದೇ ಇಲ್ಲ. ಒಂದು ಸೂಜಿಯಿಂದ ಇನ್ನೊಂದಕ್ಕೆ ಅತಿ ಸಣ್ಣ ವಿದ್ಯುತ್ ಹರಿಸಿ, ನಡುವೆ ಎಷ್ಟು ತಡೆ ಇದೆ ಎಂದಷ್ಟೇ ನೋಡುತ್ತದೆ. ಇದು ಹುಟ್ಟಿದ್ದು ಮರಕ್ಕಾಗಿ. ಮರದ ತೇವ ಶೇ. 7ರಿಂದ 25ಕ್ಕೆ ಏರಿದರೆ ಅದರ ವಿದ್ಯುತ್ ತಡೆ ಹತ್ತಾರು ಸಾವಿರ ಪಟ್ಟು ಕುಸಿಯುತ್ತದೆ. ಹಾಗಾಗಿ ಬಡಗಿಗೆ ಇದು ಒಳ್ಳೆಯ ಸಾಧನ. ಗಾರೆಯ ನಡತೆ ಬೇರೆ. ಪಿಒಪಿ ಗೋಡೆಯಲ್ಲಿ ಒಂದೆರಡು ಶೇಕಡಾ ನೀರಿದ್ದರೂ ಅದು ಬಣ್ಣ ಹಿಡಿಯುವ ಸ್ಥಿತಿಯಲ್ಲಿರುವುದಿಲ್ಲ. ಪರದೆಯ ಮೇಲಿನ 20 ಎಂದರೆ, ಇಷ್ಟೇ ತಡೆ ತೋರುವ ಮರದಲ್ಲಿ ಶೇ. 20 ತೇವ ಇರುತ್ತಿತ್ತು ಎಂದರ್ಥ, ಅಷ್ಟೆ. ಇನ್ನೊಂದು ತೊಡಕು ಉಪ್ಪಿನದು. ಶುದ್ಧ ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯದು. ಹರಿಯುವುದು ಅದರಲ್ಲಿ ಕರಗಿದ ಲವಣಗಳಿಂದ. ನೆಲದಿಂದ ಮೇಲೇರಿದ ನೀರು ಆವಿಯಾದಾಗ ಕ್ಲೋರೈಡ್, ನೈಟ್ರೇಟ್‌ಗಳನ್ನು ಗಾರೆಯಲ್ಲೇ ಬಿಟ್ಟುಹೋಗುತ್ತದೆ. ಗಾಳಿಯ ಆರ್ದ್ರತೆ ಶೇ. 75 ದಾಟಿದರೆ ಅಡುಗೆ ಉಪ್ಪು ತಾನೇ ತೇವ ಹೀರಿ ನೀರಾಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಅದು ದಿನನಿತ್ಯದ ಮಾತು. ಸೋರಿಕೆ ನಿಂತು ವರ್ಷಗಳಾದ ಗೋಡೆಯೂ ಆಗ ಯಂತ್ರದ ಮುಂದೆ ‘ಒದ್ದೆ’. ಮಿರುಗುವ ಲೋಹದ ಪದರವಿರುವ ವಾಲ್‌ಪೇಪರ್‌ಗೆ ಚುಚ್ಚಿದರಂತೂ ಲೋಹದ ಮೂಲಕವೇ ವಿದ್ಯುತ್ ಹರಿದು, ಒಣ ಗೋಡೆಯೂ ನೆನೆದಂತೆ ಕಾಣುತ್ತದೆ.

ಹಾಗಿದ್ದರೆ ಕೈಯಿಂದ ಮುಟ್ಟಿ ನೋಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಅಂಗೈಗೆ ತಿಳಿಯುವುದು ತಂಪು. ತಂಪಾದ ಒಣ ಗೋಡೆಯೂ ಒದ್ದೆ ಅನ್ನಿಸುತ್ತದೆ. ತೇವಮಾಪಕದ ನಿಜವಾದ ಬೆಲೆ ಹೋಲಿಕೆಯಲ್ಲಿದೆ. ಪೇಪರ್ ಕಿತ್ತು, ಅಂಟನ್ನು ಬಿಸಿನೀರಿನಲ್ಲಿ ಒರೆಸಿ ತೆಗೆದು, ಅದರ ಪಸೆಯೂ ಆರಿದ ಮೇಲೆ, ಅದೇ ಮನೆಯ ಅದೇ ಗಾರೆಯ ಒಣ ಗೋಡೆಯಲ್ಲಿ ಮೊದಲು ಚುಚ್ಚಿ ಅಂಕಿ ಬರೆದಿಡಿ. ನಂತರ ಕಲೆಯ ನಡುವಿನಿಂದ ಅಂಚಿನವರೆಗೆ ಗೇಣಿಗೊಂದು ಕಡೆ ಚುಚ್ಚುತ್ತ ಬನ್ನಿ. ಅಂಕಿ ಯಾವ ಕಡೆಗೆ ಏರುತ್ತದೆಯೋ ನೀರಿನ ಮೂಲ ಬಹುಪಾಲು ಆ ಕಡೆಗೇ ಇರುತ್ತದೆ. ನಿಖರ ಪ್ರಮಾಣವೇ ಬೇಕಾದರೆ ಬೇರೆ ಉಪಕರಣವಿದೆ: ಕೊರೆದು ತೆಗೆದ ಗಾರೆಯ ಪುಡಿಯನ್ನು ಕ್ಯಾಲ್ಸಿಯಂ ಕಾರ್ಬೈಡ್ ಜೊತೆ ಮುಚ್ಚಿದ ಲೋಹದ ಪಾತ್ರೆಯಲ್ಲಿ ಕುಲುಕಿದರೆ ಅಸಿಟಿಲೀನ್ ಅನಿಲ ಹುಟ್ಟಿ, ಅದರ ಒತ್ತಡ ನೀರಿನ ಪ್ರಮಾಣ ಹೇಳುತ್ತದೆ. ಮಣ್ಣಿನ ತೇವ ನೋಡಲು ಸಿವಿಲ್ ಎಂಜಿನಿಯರುಗಳು ಇದನ್ನೂ ಬಳಸುತ್ತಾರೆ. ಮನೆಯವರಿಗೆ ಇದರ ಗೊಡವೆ ಬೇಡ.

ವಾಟರ್‌ಪ್ರೂಫ್ ಪ್ರೈಮರ್ ಬಳಿದರೆ ಒಣಗಲು ಕಾಯಬೇಕಿಲ್ಲ ಎನ್ನುವ ಪೇಂಟರುಗಳಿದ್ದಾರೆ. ಪ್ರೈಮರ್ ಕಲೆಯನ್ನು ಮುಚ್ಚುತ್ತದೆ, ನೀರನ್ನು ಹೊರಗೆ ಕಳಿಸುವುದಿಲ್ಲ. ಪಿವಿಸಿ ವಾಲ್‌ಪೇಪರ್ ಆವಿಯನ್ನು ತಡೆದು, ಒಳಗಿನ ಅಂಟಿನ ಮೇಲೆ ಬೂಷ್ಟು ಬೆಳೆಸುವುದೂ ಇದೇ ರೀತಿಯಲ್ಲಿ. ಸಿಕ್ಕಿಬಿದ್ದ ನೀರು ಪಕ್ಕಕ್ಕೆ ಸರಿಯುತ್ತದೆ, ಉಪ್ಪು ಬಣ್ಣದ ಪದರದ ಹಿಂದೆ ಹರಳುಗಟ್ಟಿ ಅದನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಆದ್ದರಿಂದ ಸೋರಿಕೆ ನಿಲ್ಲಿಸಿ, ಕಿಟಕಿ ತೆರೆದಿಟ್ಟು, ವಾರಕ್ಕೊಮ್ಮೆ ಅದೇ ಜಾಗದಲ್ಲಿ ಚುಚ್ಚಿ ನೋಡಿ. ಅಂಕಿ ಒಣ ಗೋಡೆಯದಕ್ಕೆ ಇಳಿದ ಮೇಲೆ ಪುಟ್ಟಿ ತರಿಸಿ. ಇಳಿಯುತ್ತ ಬಂದು ಮೇಲೆಯೇ ನಿಂತುಬಿಟ್ಟರೆ, ಹೊಸದಾಗಿ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಉಪ್ಪು ಕುಡಿದ ಆ ಗಾರೆಯನ್ನು ಮೇಸ್ತ್ರಿಯಿಂದ ಕೆತ್ತಿಸಿ ಹೊಸದು ಮೆತ್ತಿಸಿ.