ಧರೆಗೆ ಹಸುರು ಹೊದಿಕೆ

ಮಲೆನಾಡಿನಲ್ಲಿ ಮನೆ ಕಟ್ಟುವವನು ಮೊದಲು ಗುಡ್ಡವನ್ನು ಕಡಿಯುತ್ತಾನೆ. ಕಡಿದು ನಿಂತ ಆ ಮಣ್ಣಿನ ಗೋಡೆಗೆ ನಮ್ಮ ಕಡೆ ‘ಧರೆ’ ಎನ್ನುತ್ತಾರೆ. ನಮ್ಮ ಮನೆಯ ಹಿಂದಿನ ಧರೆ ಪಶ್ಚಿಮಕ್ಕೆ ಮುಖಮಾಡಿದ ಕಡಿದಾದ ಇಳಿಜಾರು. ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ಬಡಿಯುತ್ತಲೇ ಇರುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಅದರ ಒಂದು ಭಾಗ ಜರಿದು ಕೊಟ್ಟಿಗೆಯ ಗೋಡೆಗೆ ಒರಗಿತು. ದನಗಳು ಉಳಿದುದೇ ಪುಣ್ಯ. ಇಂಥ ಜಾಗದಲ್ಲಿ ಏನು ನೆಡಬೇಕೆಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ನಾನು ಇತಿಹಾಸದ ವಿದ್ಯಾರ್ಥಿ. ತಪ್ಪಿದ್ದರೆ ಸಸ್ಯಶಾಸ್ತ್ರ ಬಲ್ಲ ಅಧ್ಯಾಪಕರು ತಿದ್ದಬೇಕು.

ಬೋಳು ಇಳಿಜಾರಿಗೆ ಮೊದಲ ಶತ್ರು ಮಳೆಯ ಹನಿ. ಅದು ಮಣ್ಣಿನ ಹೆಂಟೆಯನ್ನು ಒಡೆದು ಸಿಡಿಸುತ್ತದೆ. ಸಡಿಲವಾದುದನ್ನು ಹರಿಯುವ ನೀರು ಹೊತ್ತೊಯ್ಯುತ್ತದೆ. ಬಿಸಿಲ ಕಡೆಯ ಧರೆಗೆ ಇನ್ನೊಂದು ಕೇಡು ಉಂಟು. ಬೇಸಗೆಯಲ್ಲಿ ಮಣ್ಣು ಬಿರಿದು, ಮುಂಗಾರಿನ ನೀರು ಆ ಬಿರುಕುಗಳಲ್ಲಿ ಇಳಿಯುತ್ತದೆ. ಆದುದರಿಂದ ಅಲ್ಲಿಗೆ ನೆಲ ಮುಚ್ಚುವ ಮೈಯೂ ಆಳಕ್ಕಿಳಿಯುವ ಬೇರೂ ಬೇಕು. ಒಂದೇ ಗಿಡದಲ್ಲಿ ಎರಡೂ ಸಿಗುವುದು ಅಪರೂಪ. ಮೇಲಾಗಿ, ಕೊಡ ಹೊತ್ತು ಧರೆ ಹತ್ತಿ ನೀರುಣಿಸುವವರು ಯಾರು?

ನಾನು ಮೊದಲು ಮೋಸಹೋದದ್ದು ಅಂದಕ್ಕೆ. ಹಳದಿ ಹೂವಿನ ವೆಡೇಲಿಯಾ ಬಳ್ಳಿಯನ್ನು ತಂದು ನೆಟ್ಟೆ. ಎರಡು ಮಳೆಗಾಲದಲ್ಲಿ ಧರೆಯೆಲ್ಲ ಹಸುರಾಯಿತು. “ಹೂವೇನೋ ಚೆಂದ ಕಣೋ, ಆದರೆ ತೋಟಕ್ಕೆ ಇಳೀತಾ ಇದೆ ನೋಡು” ಎಂದು ಅಮ್ಮ ಎಚ್ಚರಿಸಿದರೂ ಕೇಳಲಿಲ್ಲ. ಅದು ಗೆಣ್ಣುಗೆಣ್ಣಿಗೂ ಬೇರೂರುವ ಅಮೆರಿಕದ ಬಳ್ಳಿ. ಲಂಟಾನದಂತೆ ಇದೂ ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಬೇರೋ ಬರಿಯ ಮೇಲ್ಮಣ್ಣಿನದು. ಅಡಿಕೆಯ ಬುಡದಿಂದ ಅದನ್ನು ಕೀಳುವ ಕೆಲಸ ಇಂದಿಗೂ ಮುಗಿದಿಲ್ಲ.

ಆಮೇಲೆ ತಿಳಿದದ್ದು ಲಾವಂಚದ ಮಹಿಮೆ. ಬೇಸಗೆಯಲ್ಲಿ ಕುಡಿಯುವ ನೀರಿಗೆ ಹಾಕುವ ಆ ಬೇರೇ! ಅದು ಅಕ್ಕಪಕ್ಕ ಹರಡದೆ ನೇರ ಕೆಳಗಿಳಿದು ಮೂರು ಮೀಟರು ಮುಟ್ಟಬಲ್ಲದು. ಗುಂಡ್ಲುಪೇಟೆಯ ಕಡೆಯ ರೈತರು ಬಹುಕಾಲದಿಂದ ಇದನ್ನು ಹೊಲದ ಗಡಿಗೆ ನೆಡುತ್ತ ಬಂದವರು. ವಿಶ್ವಬ್ಯಾಂಕಿನ ತಜ್ಞರು ಇದರ ಪ್ರಚಾರಕ್ಕೆ ತೊಡಗಿದ್ದು 1980ರ ದಶಕದಲ್ಲಿ! ದಕ್ಷಿಣ ಭಾರತದಲ್ಲಿ ಬೆಳೆಸುವ ತಳಿ ಬೀಜದಿಂದ ಹರಡದು. ಆದಕಾರಣ ಕಳೆಯಾಗುವ ಭಯವಿಲ್ಲ. ಮುಂಗಾರಿನ ಆರಂಭದಲ್ಲಿ ಎರಡು ಮೂರು ಕವಲುಗಳ ಸಸಿಯನ್ನು ಗೇಣಿಗಿಂತ ಕಡಿಮೆ ಅಂತರದಲ್ಲಿ, ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದ ಸಾಲಿನಲ್ಲಿ ನೆಡಬೇಕು. ಸಾಲು ವಾಲಿದರೆ ನೀರೆಲ್ಲ ಒಂದೆಡೆ ನುಗ್ಗಿ ಕೊರಕಲಾಗುತ್ತದೆ. ನಾವು ಪಾರದರ್ಶಕ ಕೊಳವೆಗೆ ನೀರು ತುಂಬಿ ಮಟ್ಟ ಹಿಡಿದೆವು. ಸಾಲಿಗೂ ಸಾಲಿಗೂ ಸುಮಾರು ಒಂದು ಮೀಟರಿನ ಏರು. ಮೊದಲ ವರ್ಷ ಸತ್ತ ಸಸಿಯ ಜಾಗ ತುಂಬಬೇಕು. ಬಳಿಕ ವರ್ಷಕ್ಕೊಮ್ಮೆ ಮೊಣಕಾಲೆತ್ತರಕ್ಕೆ ಕೊಯ್ದರೆ ಸಾಕು. ನೆರಳು ಮಾತ್ರ ಆಗದು. ಬೇರಿನ ಆಸೆಗೆ ಅಗೆದರಂತೂ ಧರೆಯನ್ನು ನಾವೇ ಸಡಿಲಿಸಿದಂತೆ.

ಸಾಲುಗಳ ನಡುವೆ ಗರಿಕೆ ಬಿಟ್ಟಿದ್ದೇವೆ. ಅದಕ್ಕೆ ಯಾರ ಆರೈಕೆಯೂ ಬೇಡ.

ಗಿಡಕ್ಕೂ ಒಂದು ಮಿತಿಯುಂಟು. 2018ರಲ್ಲಿ ಕೊಡಗಿನಲ್ಲಿ ಆದಂತೆ ಗುಡ್ಡವೇ ಜಾರಿದರೆ ಮೂರು ಮೀಟರಿನ ಬೇರು ಏನು ಮಾಡೀತು? ಮೇಲಿನ ನೀರು ಧರೆಗೆ ಬಾರದಂತೆ ಅಪ್ಪ ನೆತ್ತಿಯಲ್ಲಿ ಕಾಲುವೆ ತೋಡಿದ್ದಾರೆ. ಅದರ ಕಸ ತೆಗೆಯುವುದು ನನ್ನ ಪಾಲಿನ ಕೆಲಸ. ಪ್ರತಿವರ್ಷ ಪರೀಕ್ಷೆಯ ದಿನಗಳಲ್ಲೇ ಬರುತ್ತದೆ.