ಬೋಳುಬಂಡೆಯ ಆಯುಸ್ಸು

ಥಾಣೆಯಿಂದ ಕಲ್ಯಾಣದವರೆಗೆ ರೈಲಿನ ಕಿಟಕಿಯಲ್ಲಿ ನಮಗೆ ಕಾಣುವ ಕಲ್ಲೆಲ್ಲ ಕರಿಯದು. ಪಾರಸಿಕದ ಗುಡ್ಡ, ಮುಂಬ್ರಾದ ಕಡಿದಾದ ಸಾಲು, ದೂರದ ಮಲಂಗಗಡ, ಅತ್ತ ನವಿ ಮುಂಬಯಿಯ ಖಾರಘರ ಬೆಟ್ಟ, ಎಲ್ಲವೂ ಒಂದೇ ಜಾತಿಯವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾರಸವು ದೋಸೆಯ ಮೇಲೆ ದೋಸೆ ಹುಯ್ದಂತೆ ಪದರಪದರವಾಗಿ ಆರಿ ಈ ಬಸಾಲ್ಟು ಕಲ್ಲಾಯಿತು. ಇಲ್ಲಿಯ ಬೆಟ್ಟಗಳು ಎಷ್ಟೋ ಕಡೆ ಮೆಟ್ಟಿಲು ಕಡಿದಂತೆ ತೋರುವುದು ಅದರಿಂದಲೇ.

ಇವನ್ನೇ ನೋಡಿ ಬೆಳೆದ ನಮ್ಮ ಮಕ್ಕಳು ರಜೆಯಲ್ಲಿ ಮಾಗಡಿಯ ಕಡೆಗೋ ಶ್ರವಣಬೆಳಗೊಳಕ್ಕೋ ಹೋದಾಗ, ಬಯಲಿನ ನಡುವೆ ಮಡಕೆ ಬೋರಲು ಹಾಕಿದಂತೆ ನುಣ್ಣಗೆ ಎದ್ದ ಒಂದೇ ಕಲ್ಲಿನ ಬೆಟ್ಟವನ್ನು ಕಂಡು, "ಇದನ್ನು ಇಲ್ಲಿ ಯಾರು ತಂದಿಟ್ಟರು?" ಎಂದು ಕೇಳುವುದುಂಟು. ಭೀಮನ ಹೆಸರನ್ನೋ ವಾಲಿ ಸುಗ್ರೀವರ ಹೆಸರನ್ನೋ ಹೇಳಿ ಪಾರಾಗುತ್ತೇವೆ. ಆ ಕಥೆಗಳೂ ಇರಲಿ. ಆದರೆ ಬಂಡೆ ತಾನೇ ಹೇಳುವ ಕಥೆ ಅದಕ್ಕಿಂತ ಸೋಜಿಗದ್ದು.

ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನೇ ತೆಗೆದುಕೊಳ್ಳೋಣ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಗುಮ್ಮಟಗಳು. ಸಮುದ್ರಮಟ್ಟದಿಂದ 1,226 ಮೀಟರು, ಎಂದರೆ ಸುಮಾರು 4,000 ಅಡಿ ಎತ್ತರ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಿಂದ ಈ ಕೋಟೆಯನ್ನು ಕಿತ್ತುಕೊಂಡಿತು. ಏಷ್ಯಾದಲ್ಲೇ ಅತಿ ದೊಡ್ಡ ಏಕಶಿಲೆ ಎಂದು ಇದನ್ನು ಹೊಗಳುತ್ತಾರೆ. ಮಧುಗಿರಿಯವರು ತಮ್ಮದೇನು ಕಡಿಮೆ ಎನ್ನುತ್ತಾರೆ. ಬುಡ ಎಲ್ಲಿ ಮುಗಿಯಿತೆಂದು ಹೇಳಲಾಗದ ವಸ್ತುವನ್ನು ಅಳೆಯುವುದೆಂತು? ನಾವು ಆ ಪಂದ್ಯಕ್ಕೆ ಹೋಗುವುದಿಲ್ಲ.

ಸಾವನದುರ್ಗ, ರಾಮನಗರ, ಶಿವಗಂಗೆ, ಮಧುಗಿರಿ, ಪಾವಗಡ, ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರು ಹಬ್ಬಿದ ಈ ಗ್ರಾನೈಟ್ ಪಟ್ಟಿಗೆ ಭೂಶಾಸ್ತ್ರಜ್ಞರು 'ಕ್ಲೋಸ್‌ಪೇಟೆ ಗ್ರಾನೈಟು' ಎನ್ನುತ್ತಾರೆ. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬವನಿಂದ ರಾಮನಗರಕ್ಕೆ ಆ ಹೆಸರು ಬಂದಿತ್ತು. ಊರು ಹೆಸರು ಬದಲಿಸಿಕೊಂಡಿತು, ಕಲ್ಲು ಬದಲಿಸಿಕೊಳ್ಳಲಿಲ್ಲ. ಮುಂಬಯಿಯ ಮಕ್ಕಳಿಗೆ ಬೇರೆ ಗುರುತು ಹೇಳಬಹುದು: 1975ರ 'ಶೋಲೆ' ಚಿತ್ರದ ಬಂಡೆಗಳು ಈ ರಾಮನಗರದವೇ.

ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ನಮ್ಮ ಮುಂಬ್ರಾದ ಕಲ್ಲು ಇದರ ಮುಂದೆ ತೊಟ್ಟಿಲ ಕೂಸು. ಅದು ನೆಲದ ಮೇಲೆ ಹರಿದು ಬೇಗ ಆರಿತು; ಇದು ಮೈಲುಗಟ್ಟಲೆ ಆಳದಲ್ಲಿ, ಮೇಲೊಂದು ಭಾರಿ ಹೊದಿಕೆ ಹೊದ್ದುಕೊಂಡು, ಬಹು ನಿಧಾನವಾಗಿ ಆರಿತು. ಪಾಕ ನಿಧಾನವಾಗಿ ಆರಿದರೆ ಕಲ್ಲುಸಕ್ಕರೆಯ ಹರಳು ದೊಡ್ಡದಾಗುವುದನ್ನು ಗೃಹಿಣಿಯರು ಬಲ್ಲರು. ಇಲ್ಲಿಯೂ ಹಾಗೆಯೇ. ಗಾಜಿನಂತೆ ಹೊಳೆಯುವ ಬೆಣಚು, ಬಿಳಿ ಅಥವಾ ನಸುಗೆಂಪಿನ ಫೆಲ್ಡ್‌ಸ್ಪಾರ್, ಕಾಗೆಬಂಗಾರದ ಕಪ್ಪು ಚೂರು, ಇವನ್ನು ಬರಿಗಣ್ಣಿನಿಂದಲೇ ಎಣಿಸಬಹುದು.

ಹಾಗಾದರೆ ಆಳದಲ್ಲಿದ್ದುದು ಬಯಲಿಗೆ ಬಂದುದು ಹೇಗೆ? ಇಲ್ಲಿಯೇ ಹೆಚ್ಚಿನವರ ಊಹೆ ತಪ್ಪುತ್ತದೆ. ಬಂಡೆ ಅಣಬೆಯಂತೆ ನೆಲವನ್ನು ಸೀಳಿಕೊಂಡು ಮೇಲೇಳಲಿಲ್ಲ. ವಿಜಾಪುರದ ಗೋಳಗುಮ್ಮಟವನ್ನು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದರು. ಈ ಗುಮ್ಮಟವು ತೆಗೆಯುತ್ತ ತೆಗೆಯುತ್ತ ಆದದ್ದು. ಮಳೆ, ಹೊಳೆ, ಗಾಳಿಗಳು ಕೋಟಿಗಟ್ಟಲೆ ವರ್ಷ ಮೇಲಿನ ಹೊದಿಕೆಯನ್ನು ಸವೆಸಿ ಸಮುದ್ರಕ್ಕೆ ಸಾಗಿಸಿದವು. ಭಾರ ಕಡಿಮೆಯಾದಂತೆ ನೆಲವೂ ಅಷ್ಟಷ್ಟು ಮೇಲೆದ್ದಿತು. ಎಲ್ಲೆಲ್ಲಿ ಬಂಡೆಯಲ್ಲಿ ಬಿರುಕುಗಳು ದಟ್ಟವಾಗಿದ್ದವೋ ಅಲ್ಲಲ್ಲಿ ನೀರು ಇಳಿದು ಕಲ್ಲನ್ನು ಕೊಳೆಸಿ ತಗ್ಗು ಮಾಡಿತು. ಬಿರುಕಿಲ್ಲದ ಒಡಲು ಹಾಗೆಯೇ ನಿಂತಿತು. ಆ ನಿಂತದ್ದೇ ಬೆಟ್ಟ.

ಬಿರುಕಿಲ್ಲದ ಕಲ್ಲಿನ ಬೆಲೆಯನ್ನು ನಮ್ಮ ಶಿಲ್ಪಿಗಳು ಚೆನ್ನಾಗಿ ಅರಿತಿದ್ದರು. ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದ ಕೊನೆಗೆ ಚಾವುಂಡರಾಯನು ದೊಡ್ಡಬೆಟ್ಟದ ನೆತ್ತಿಯ ಕಲ್ಲಿನಲ್ಲೇ ಐವತ್ತೇಳು ಅಡಿಗಳ ಗೊಮ್ಮಟನನ್ನು ಬಿಡಿಸಿದನು. ನಡುವೆ ಒಂದು ಸೀಳು ಹಾದುಹೋಗಿದ್ದರೆ ಆ ಮೂರ್ತಿ ಇಲ್ಲ.

ಮೇಲಿನ ಭಾರ ಇಳಿದ ಬಂಡೆ ಸುಮ್ಮನಿರುವುದಿಲ್ಲ. ಆಳದಲ್ಲಿ ಬಿಗಿಯಾಗಿ ಅದುಮಿದ್ದುದು ಸಡಿಲಗೊಂಡು ಉಬ್ಬುತ್ತದೆ; ಅಕ್ಕಪಕ್ಕದ ನೆಲದ ಒತ್ತಡವೂ ಬಾಗಿದ ಮೈಯನ್ನು ಹೊರಕ್ಕೆ ತಳ್ಳುತ್ತದೆ. ಆಗ ಮೇಲ್ಮೈಗೆ ಸಮನಾಗಿ ಈರುಳ್ಳಿಯ ಸಿಪ್ಪೆಯಂತೆ ಪದರಗಳು ಬಿಡುತ್ತವೆ. ಮೇಲಿನವು ತೆಳು, ಒಳಗೊಳಗೆ ದಪ್ಪ. ಒಂದು ಸಿಪ್ಪೆ ಜಾರಿ ಬಿದ್ದರೆ ಒಳಗೆ ಮತ್ತೊಂದು ದುಂಡುಮೈ ಸಿದ್ಧವಾಗಿರುತ್ತದೆ. ಗುಮ್ಮಟ ಸವೆದರೂ ಗುಮ್ಮಟವಾಗಿಯೇ ಉಳಿಯುವ ಗುಟ್ಟು ಇದು.

ಬಿಸಿಲೂ ಇದರಲ್ಲಿ ಕೈಹಾಕುತ್ತದೆ. ಗೊಮ್ಮಟನ ಬೆಟ್ಟವನ್ನು ಮಧ್ಯಾಹ್ನ ಬರಿಗಾಲಲ್ಲಿ ಹತ್ತಿದವರಿಗೆ ಕಲ್ಲಿನ ಕಾವು ಎಂಥದೆಂದು ಹೇಳಬೇಕಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಟ್ವೇನ್ ಹಾರ್ಟ್ ಎಂಬ ಊರಿನ ಒಂದು ಚಿಕ್ಕ ಗ್ರಾನೈಟ್ ಗುಮ್ಮಟವು 2014ರ ಆಗಸ್ಟಿನ ಬಿಸಿಲಿನಲ್ಲಿ ಜನ ನೋಡುತ್ತಿದ್ದಂತೆಯೇ ಸಿಡಿಲಿನ ಸದ್ದಿನೊಡನೆ ಬಿರಿದು ಒಂದು ಪದರವನ್ನು ಎಬ್ಬಿಸಿತು. ವಿಜ್ಞಾನಿಗಳು ಬೆರಗಾಗಿ ಅಳತೆ ಹಿಡಿದರು. ನಮ್ಮ ಕಲ್ಲುಕುಟಿಗರು ಕಂಡಿದ್ದರೆ ನಕ್ಕುಬಿಡುತ್ತಿದ್ದರೇನೋ! ಹಾಸುಬಂಡೆಯ ಮೇಲೆ ಸೌದೆಯ ಬೆಂಕಿ ಹಾಕಿ, ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು, ಕೆಳಗಿನ ಕಲ್ಲಿನಿಂದ ಪದರ ಬಿಟ್ಟಿತೆಂದು ಸದ್ದಿನಿಂದಲೇ ತಿಳಿದು ಬೆಂಕಿಯನ್ನು ಮುಂದಕ್ಕೆ ಸರಿಸುತ್ತ ಹೋಗುವುದು ಅವರ ಹಳೆಯ ವಿದ್ಯೆ. 1895ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲಿ ಬೆಂಗಳೂರಿನ ಕಡೆಯ ಈ ಕೆಲಸದ ವರ್ಣನೆ ಅಚ್ಚಾಗಿತ್ತು. ಊರಮನೆಗಳ ಅಂಗಳದ ಎಷ್ಟೋ ಚಪ್ಪಡಿಗಳು ಹೀಗೆ ಎದ್ದು ಬಂದವು.

ಮುಂದಿನ ಕೆಲಸ ನೀರಿನದು. ಫೆಲ್ಡ್‌ಸ್ಪಾರ್ ನೀರಿಗೆ ಮಣಿದು ಜೇಡಿಯಾಗುತ್ತದೆ, ಬೆಣಚು ಮಣಿಯದೆ ಮರಳಾಗಿ ಉದುರುತ್ತದೆ. ಬಂಡೆಯ ನೆತ್ತಿಯ ತಗ್ಗಿನಲ್ಲಿ ಮಳೆನೀರು ನಿಂತು ನಿಂತು ದೊಣೆಯಾಗುತ್ತದೆ. ನೀರು ಇಳಿಯುವ ದಾರಿಯಲ್ಲಿ ಪಾಚಿ ಬೆಳೆದು, ಒಣಗಿ, ಉದ್ದುದ್ದ ಕರಿ ಪಟ್ಟೆಗಳಾಗುತ್ತವೆ. (ಮಳೆಗಾಲದಲ್ಲಿ ಆ ಪಟ್ಟೆಗಳ ಮೇಲೆ ಕಾಲಿಡಲೇಬಾರದು.) ಮಣ್ಣಿನಡಿಯಲ್ಲಿ ಮೂಲೆಗಳನ್ನು ಕಳೆದುಕೊಂಡು ದುಂಡಾದ ಗುಂಡುಗಳೇ, ಮಣ್ಣು ತೊಳೆದುಹೋದ ಮೇಲೆ, ಹಂಪೆಯಲ್ಲಿ ಕಾಣುವಂತೆ ಒಂದರ ಮೇಲೊಂದು ಕುಳಿತಿರುತ್ತವೆ.

ಆದರೂ ಬೆಟ್ಟ ಬೇಗ ಕರಗುವುದಿಲ್ಲ. ಮಣ್ಣು ಹೊದ್ದ ಕಲ್ಲು ಸದಾ ತೇವದಲ್ಲಿದ್ದು ಕೊಳೆಯುತ್ತದೆ. ಬೋಳುಬಂಡೆಯ ಮೇಲೆ ಬಿದ್ದ ಮಳೆ ನಿಲ್ಲದೆ ಜಾರಿಹೋಗುತ್ತದೆ. ಬೋಳಾದದ್ದೇ ಅದಕ್ಕೆ ಕವಚವಾಯಿತು. ಇಂಥ ಬಂಡೆ ಹತ್ತು ಲಕ್ಷ ವರ್ಷಕ್ಕೆ ಸವೆಯುವುದು ಸಾಮಾನ್ಯವಾಗಿ ಕೆಲವೇ ಮೀಟರು.

ವಜ್ರದ ಮಣಿ ಪೋಣಿಸಿದ ತಂತಿಯ ಗರಗಸಕ್ಕೆ ಅಷ್ಟೇ ಮೀಟರುಗಳು ಕೆಲವು ದಿನಗಳ ಕೆಲಸ. ಡೊಂಬಿವಲಿಯ ಫ್ಲ್ಯಾಟುಗಳ ಮೆಟ್ಟಿಲಿನ ಕಲ್ಲು ಎಲ್ಲಿಂದಲೋ ಬರಬೇಕಲ್ಲ! ಕಲ್ಲೇ ಬೇಡವೆಂದು ನಾವು ಹೇಳಲಾರೆವು. ಆದರೆ ನಮ್ಮಲ್ಲಿ ಕೆಲವರಿಗೆ ಊರಿನಲ್ಲಿ ಬಂಡೆಯ ಸೆರಗಿನ ಜಮೀನು ಇನ್ನೂ ಉಂಟು. ಗಣಿಗೆ ಕೊಡೋಣವೇ ಎಂದು ಅಣ್ಣತಮ್ಮಂದಿರು ಫೋನಿನಲ್ಲಿ ಕೇಳುವುದೂ ಉಂಟು. ಒಪ್ಪಿಗೆ ಕೊಡುವ ಮೊದಲು ಆ ಬಂಡೆಯಿಂದ ಇಳಿದ ನೀರು ಯಾವ ಕೆರೆಗೆ ಹೋಗುತ್ತದೆ, ಅದರ ಸೀಳುಗಳಲ್ಲಿ ಯಾವ ಹಕ್ಕಿ ಗೂಡು ಕಟ್ಟಿದೆ ಎಂದಾದರೂ ಕೇಳಿ ತಿಳಿಯಬೇಕು. ರಾಮನಗರದ ರಾಮದೇವರ ಬೆಟ್ಟದ ಕಡಿದಾದ ಬದಿಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವುದರಿಂದ 2012ರಲ್ಲಿ ಅದನ್ನು ರಣಹದ್ದುಗಳ ಧಾಮವೆಂದು ಸಾರಿದರು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಸುಮಾರು 300 ಕೋಟಿ ವರ್ಷದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಉಳಿದುಕೊಂಡಿದೆ. ಹೆಸರಿಲ್ಲದ ಊರಬಂಡೆಗಳಿಗೆ ಅಂಥ ಫಲಕ ಇಲ್ಲ.

ಈ ಬೇಸಿಗೆಯಲ್ಲಿ ಊರಿಗೆ ಹೋಗುವವರು ಮಕ್ಕಳನ್ನು ಬೆಳಗಿನ ತಂಪಿನಲ್ಲಿ ಹತ್ತಿರದ ಹಾಸುಬಂಡೆಗೆ ಕರೆದೊಯ್ದು, ಒಂದು ಸಣ್ಣ ಕಲ್ಲಿನಿಂದ ಅಲ್ಲಲ್ಲಿ ತಟ್ಟಿಸಲಿ. ಹೆಚ್ಚಿನ ಕಡೆ ಗಟ್ಟಿಯಾದ ಸದ್ದು ಬರುತ್ತದೆ. ಎಲ್ಲಾದರೂ ಒಂದು ಕಡೆ ಡಬಡಬ ಎಂದು ಪೊಳ್ಳು ಸದ್ದು ಕೇಳಿಸಿದರೆ, ಬೆಟ್ಟ ಮುಂದೆ ಕಳಚಲಿರುವ ಸಿಪ್ಪೆ ಅದೇ.